ಮೊದಲ ಪುಟವನ್ನು ನಂಬಿದ ಅತ್ತೆ

ಯಾವ ಪರಮಾತ್ಮನು ಸಕಲ ಜೀವಿಗಳ ಎದೆಯೊಳಗೆ ಬಾಗಿಲು ತಟ್ಟದೆಯೇ ನೆಲೆಸಿರುವನೋ, ಯಾವನ ಸನ್ನಿಧಿಯಲ್ಲಿ ಯಾರೂ ತಮ್ಮ ಗುರುತನ್ನು ಸಾಬೀತುಪಡಿಸಬೇಕಾಗಿಲ್ಲವೋ, ಅವನ ಅಡಿಗಳಿಗೆ ನಮಿಸಿ ಈ ಕಥೆಯನ್ನು ನಿವೇದಿಸುತ್ತೇನೆ.

ಮೂರನೆಯ ಮಹಡಿಯ ಕಚೇರಿಯೊಂದರಲ್ಲಿ ಹತ್ತು ಮಂದಿ ಕೂಡಿ ಕಂಪ್ಯೂಟರಿನಲ್ಲಿ ನಡೆಯುವ ಒಂದು ಸಾಧನವನ್ನು ನಿರ್ಮಿಸಿದ್ದರು. ಷೇರು ಖಾತೆಯುಳ್ಳವರು ಅದರ ಮೇಲೆ ಕಣ್ಣಿಡುವ ಕೆಲಸವನ್ನು ಎಐ ಸಹಾಯಕನಿಗೆ ವಹಿಸಬಯಸಿದರೆ, ಅವನಿಗೆ ತಮ್ಮ ಪಾಸ್‌ವರ್ಡ್ ಒಪ್ಪಿಸಬೇಕಾಗಿಲ್ಲ. ಖಾತೆದಾರರು ಆ ಖಾತೆಯನ್ನು ನಡೆಸುವ ಬ್ರೋಕರಿನ ಜಾಲಪುಟದಲ್ಲಿ ತಾವೇ ಲಾಗಿನ್ ಆಗುತ್ತಾರೆ. ಬ್ರೋಕರು ಸಹಾಯಕನಿಗೆ, ಇಷ್ಟನ್ನು ಮಾತ್ರ ನೋಡು, ಇಷ್ಟು ಹೊತ್ತು ಮಾತ್ರ ನೋಡು ಎಂಬ ಪರವಾನಗಿಯನ್ನು ಕೊಡುತ್ತಾನೆ. ನಡುವೆ ನಿಂತು ಈ ಪರವಾನಗಿಯನ್ನು ತಲುಪಿಸುವುದೇ ಆ ಸಾಧನದ ಕಾರ್ಯ. ಅದರ ಕೈಪಿಡಿಯನ್ನು ಬರೆಯುವ ಹೊಣೆ ನಮ್ಮ ಕಥೆಯ ಸೊಸೆಯದು.

ಆ ಕಚೇರಿಯಲ್ಲಿ ಮೌನಪಾಠವೆಂಬ ಪದ್ಧತಿಯಿತ್ತು. ಸಿಬ್ಬಂದಿಯ ಮನೆಯವರಲ್ಲಿ ಚೀಟಿಯೆತ್ತಿ ಒಬ್ಬರನ್ನು ಕರೆಸುವರು. ಅವರು ಯಾರನ್ನೂ ಏನನ್ನೂ ಕೇಳದೆ, ಕೈಪಿಡಿಯನ್ನಷ್ಟೇ ನಂಬಿ, ಅಭ್ಯಾಸದ ಖಾತೆಯೊಂದಕ್ಕೆ ಸಹಾಯಕನನ್ನು ಜೋಡಿಸಬೇಕು. ಬರೆದವರು ಹಿಂದೆ ಕುಳಿತಿರಬೇಕು. ಅವರು ಬಾಯಿ ತೆರೆದರೆ ಕೈಪಿಡಿ ವಾಪಸ್ಸು; ಓದುವವರು ಹದಿನೈದು ನಿಮಿಷ ಒಂದೇ ಹಂತದಲ್ಲಿ ನಿಂತರೂ ವಾಪಸ್ಸು. ಸೊಸೆಯ ಕೈಪಿಡಿ ಆಗಲೇ ಎರಡು ಬಾರಿ ವಾಪಸ್ಸಾಗಿತ್ತು. ಮೂರನೆಯ ಬಾರಿಯೂ ಹಾಗಾದರೆ ಬರವಣಿಗೆಯನ್ನು ಯಂತ್ರಕ್ಕೇ ವಹಿಸುವುದಾಗಿ ಮುಖ್ಯ ಇಂಜಿನಿಯರು ತಿಳಿಸಿದ್ದನು; ಆಗ ಅವಳ ಕುರ್ಚಿ ಉಳಿಯುತ್ತಿರಲಿಲ್ಲ.

ಚೀಟಿಯಲ್ಲಿ ಬಂದದ್ದು ಅವಳ ಅತ್ತೆಯ ಸರದಿ. ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಔಷಧದ ಬೀರುವಿನ ಬೀಗದ ಕೈಯನ್ನು ಸೊಂಟದಲ್ಲಿಟ್ಟುಕೊಂಡು ನಿವೃತ್ತಳಾದ ಹಿರಿಯ ದಾದಿ ಆಕೆ. ನಿಯಮವನ್ನು ಕೇಳಿ ಆಕೆ ನಸುನಕ್ಕಳು.

"ಸೊಸೆ ಬಾಯಿ ಬಿಡೋ ಹಾಗಿಲ್ವಾ? ಇಂಥಾ ಆಫೀಸು ಇದೆ ಅಂತ ಮದುವೆ ವರ್ಷಾನೇ ಹೇಳ್ಬಾರದಿತ್ತೇನಪ್ಪ."

ಇಂಜಿನಿಯರು ನಗುವನ್ನು ಅದುಮಿಕೊಂಡು ಗಡಿಯಾರವನ್ನು ನೋಡಿದನು. ಪಾಠ ಆರಂಭವಾಯಿತು.

ಅತ್ತೆಯು ಕನ್ನಡಕವನ್ನೇರಿಸಿ, ಸಾಲುಸಾಲಿನ ಮೇಲೆ ಬೆರಳಾಡಿಸುತ್ತ, ಮೊದಲ ಮೂರು ಹಂತಗಳನ್ನು ಸಲೀಸಾಗಿ ದಾಟಿದಳು. ನಾಲ್ಕನೆಯ ಹಂತದಲ್ಲಿ ಪಾಸ್‌ವರ್ಡ್ ಕೇಳುವ ಪೆಟ್ಟಿಗೆ ತೆರೆಯಿತು. ಆಕೆ ಅದನ್ನು ದಿಟ್ಟಿಸಿದಳು, ಪುಟ ಹಿಂದೆ ತಿರುವಿದಳು, ಮತ್ತೆ ಪರದೆಯನ್ನು ನೋಡಿದಳು. ಆಮೇಲೆ ಕೈಕಟ್ಟಿ ಕುಳಿತುಬಿಟ್ಟಳು. ಐದು ನಿಮಿಷ ಕಳೆಯಿತು, ಹತ್ತಾಯಿತು. ಹಿಂದೆ ಕುಳಿತ ಸೊಸೆ ಪೆನ್ನಿನ ಮುಚ್ಚಳವನ್ನು ಕಚ್ಚಿ ಕಚ್ಚಿ ಚಪ್ಪಟೆ ಮಾಡಿದಳು. ಒಂದೇ ಒಂದು ಪದ ಪಿಸುಗುಟ್ಟಿದರೆ ಸಾಕು, ಅತ್ತೆ ಮುಂದೆ ಹೋದಾಳೆಂದು ಅವಳಿಗೆ ತೋರಿತು. ಆದರೂ ತುಟಿ ಬಿಗಿಹಿಡಿದಳು. ಹದಿನೈದನೆಯ ನಿಮಿಷಕ್ಕೆ ಇಂಜಿನಿಯರು ಎದ್ದು, ಕೈಪಿಡಿ ವಾಪಸ್ಸು ಎಂದು ವಿಷಾದದಿಂದಲೇ ಸಾರಿದನು.

"ಯಾಕಪ್ಪ ವಾಪಸ್ಸು?" ಎಂದಳು ಅತ್ತೆ. "ಬ್ರೋಕರಿನ ಪುಟ ಬಿಟ್ಟು ಬೇರೆಲ್ಲೂ ಪಾಸ್‌ವರ್ಡ್ ಹಾಕ್ಬೇಡಿ, ಮೇಲೆ ವಿಳಾಸ ನೋಡಿ ಖಾತ್ರಿ ಮಾಡ್ಕೊಳ್ಳಿ, ಇಲ್ದಿದ್ರೆ ಅಲ್ಲಿಗೇ ನಿಲ್ಸಿ ಅಂತ ಮೊದಲನೇ ಪುಟದಲ್ಲೇ ಬರ್ದಿದೆ. ನೋಡ್ದೆ. ವಿಳಾಸವೇ ಇಲ್ಲ. ನಿಲ್ಸಿದೆ."

ಇಂಜಿನಿಯರು ಬಾಗಿ ಪರದೆಯನ್ನು ನೋಡಿದನು. ಅವನ ಮುಖ ಮೆಲ್ಲನೆ ಕೆಂಪೇರಿತು. ಹಿಂದಿನ ವಾರದವರೆಗೆ ಬ್ರೋಕರಿನ ಪುಟವು ಬ್ರೌಸರಿನಲ್ಲಿ ತನ್ನ ವಿಳಾಸದೊಡನೆಯೇ ತೆರೆಯುತ್ತಿತ್ತು. ನೋಟ ಸೊಗಸಾಗಲೆಂದು ಅವನೇ ಅದನ್ನು ಸಾಧನದ ಚೌಕಟ್ಟಿನೊಳಗೆ ಕೂರಿಸಿದ್ದನು. ಹಾಗೆ ಕೂರಿಸಿದಾಗ ವಿಳಾಸ ಮರೆಯಾಯಿತು. ಸೊಸೆಗೆ ತಿಳಿಸಲು ಮರೆತಿದ್ದನು. ಚೆಂದ ಕಾಣಲೆಂದು ಹಾಗೆ ಮಾಡಿದೆನೆಂದು ತಡವರಿಸುತ್ತ ಒಪ್ಪಿಕೊಂಡನು.

"ಚೆಂದವೇ ಇದೆ," ಎಂದಳು ಅತ್ತೆ. "ಕಳ್ಳನೂ ಇಷ್ಟೇ ಚೆಂದವಾಗಿ ಮಾಡ್ತಿದ್ದ."

ಕೋಣೆಯಲ್ಲಿ ನಗೆಯ ಅಲೆಯೆದ್ದಿತು. ಇಂಜಿನಿಯರು ಪ್ರಾಮಾಣಿಕನು. ವಾಪಸ್ಸಿನ ಕಾಗದದಲ್ಲಿ ಕೈಪಿಡಿಯೆಂದು ಬರೆದಿದ್ದನ್ನು ಹೊಡೆದು ಸಾಧನವೆಂದು ತಿದ್ದಿ, ಕೆಳಗೆ ತನ್ನ ಸಹಿಯನ್ನೇ ಹಾಕಿದನು. ಕೈಪಿಡಿ ತಡೆದದ್ದರಿಂದಲೇ ತಪ್ಪು ಸಿಕ್ಕಿತು, ಇನ್ನು ಮುಂದೆ ಸೊಸೆಗೆ ಹೇಳದೆ ಒಂದು ಗುಂಡಿಯನ್ನೂ ಕದಲಿಸುವುದಿಲ್ಲ ಎಂದನು.

ಮಧ್ಯಾಹ್ನದ ಹೊತ್ತಿಗೆ ಪುಟವು ತನ್ನ ವಿಳಾಸದೊಡನೆ ಬ್ರೌಸರಿಗೆ ಮರಳಿತು. ಅತ್ತೆ ವಿಳಾಸವನ್ನು ಅಕ್ಷರ ಅಕ್ಷರವಾಗಿ ಕೈಪಿಡಿಯೊಡನೆ ತಾಳೆನೋಡಿ, ಪಾಸ್‌ವರ್ಡ್ ಒತ್ತಿ, ನೋಡುವ ಅನುಮತಿಗೆ ಮಾತ್ರ ಗುರುತು ಹಾಕಿದಳು. ಕೊಂಡು ಮಾರುವ ಅನುಮತಿಯ ಪೆಟ್ಟಿಗೆಯತ್ತ ಆಕೆಯ ಬೆರಳು ಸುಳಿಯಲೇ ಇಲ್ಲ. ಪರವಾನಗಿ ಸಿಕ್ಕಿತು, ಸಹಾಯಕನು ಖಾತೆಯ ವಿವರವನ್ನು ವಿನಯದಿಂದ ತೋರಿಸಿದನು. ಕೈಪಿಡಿ ಅಂಗೀಕೃತವಾಯಿತು, ಸೊಸೆಯ ಕುರ್ಚಿಯೂ ಭದ್ರವಾಯಿತು.

ಮೆಟ್ಟಿಲಿಳಿಯುತ್ತ ಸೊಸೆ ಅತ್ತೆಯ ಕೈಚೀಲವನ್ನು ತಾನು ತೆಗೆದುಕೊಂಡಳು.

"ಚೆನ್ನಾಗಿ ಬರ್ದಿದ್ದೀಯ ಕಣೇ," ಎಂದಳು ಅತ್ತೆ. "ಆದ್ರೆ ಒಂಬತ್ತನೇ ಪುಟದ ಅಕ್ಷರ ಇರುವೆ ಸಾಲಿನ ಹಾಗಿದೆ. ದೊಡ್ಡದು ಮಾಡು."

ಸೊಸೆ ಮೆಟ್ಟಿಲ ಮೇಲೆಯೇ ನಿಂತು, ಗೋಡೆಗೆ ಕಾಗದವನ್ನೊತ್ತಿ ಅದನ್ನು ಬರೆದುಕೊಂಡಳು.

ಇದನ್ನು ಓದಿದವರಿಗೂ ಕೇಳಿದವರಿಗೂ ಭಗವಂತನು ಎಚ್ಚರದ ಕಣ್ಣನ್ನೂ ನೆಮ್ಮದಿಯ ನಿದ್ದೆಯನ್ನೂ ಕರುಣಿಸಲಿ, ಅವರು ಬರೆದ ಮಾತನ್ನು ನಂಬಿ ನಿಲ್ಲುವವರು ಅವರ ಮನೆಯಲ್ಲೇ ದೊರೆಯಲಿ, ಸರ್ವರಿಗೂ ಮಂಗಳವಾಗಲಿ.