ಲಾಳಿ ಕಟ್ಟಿದ ಪೆಡಲು

ನಾನು ಒಂದು ಸೈಕಲ್ಲು. ಚಕ್ರ ಮಾತ್ರ ಸಣ್ಣವು. ಮಕ್ಕಳ ಸೈಕಲ್ಲಲ್ಲ, ದೊಡ್ಡವರು ಹತ್ತಲೆಂದೇ ಮಾಡಿದ್ದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನನ್ನನ್ನು ಕಂಡವರೆಲ್ಲ ಮೊದಲು ಕೇಳುವುದು ಅದನ್ನೇ. ಇನ್ನೊಂದು ಮಾತು. ನನಗೆ ಸುಲಭಕ್ಕೆ ಏನೂ ಅನ್ನಿಸುವುದಿಲ್ಲ. ಉಕ್ಕಿನ ಜಾತಿ. ಆದದ್ದನ್ನು ಆದಂತೆ ಹೇಳುತ್ತೇನೆ, ಯಾರನ್ನೂ ಅಳಿಸುವ ಉಮೇದು ನನಗಿಲ್ಲ.

ಹುಟ್ಟಿದ್ದು ಇಂಗ್ಲೆಂಡಿನ ಒಂದು ಕಾರ್ಖಾನೆಯಲ್ಲಿ. ಕೊಳವೆ ಬೆಸೆದರು, ಹಸಿರು ಬಣ್ಣ ಹೊಡೆದರು, ಒಲೆಯಲ್ಲಿಟ್ಟು ಒಣಗಿಸಿದರು. ಬೆಟಗೇರಿಯ ಆಸ್ಪತ್ರೆಗೆ ಕೆಲಸಕ್ಕೆ ಹೊರಟಿದ್ದ ಒಬ್ಬ ಡಾಕ್ಟರಮ್ಮ ನನ್ನನ್ನು ಹಡಗಿನಲ್ಲಿ ತಂದರು. ಬೆಟಗೇರಿ ನೇಕಾರರ ಊರು. ಮೊದಲ ದಿನ ಓಣಿಯಲ್ಲಿ ಹೋಗುವಾಗ ಕಟ್ಟೆಯ ಮೇಲಿದ್ದವನೊಬ್ಬ ಕೂಗಿದ: "ಗಾಲಿ ನೀರಾಗ ಅದ್ದಿದ್ರೇನ್ರೀ ಬಾಯಾರ? ಗಿಡ್ಡ ಆಗ್ಯಾವಲ್ಲ!" ಓಣಿಯೆಲ್ಲ ನಕ್ಕಿತು. ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ, ಆಕೆಯೂ ನಕ್ಕರು.

ಆಕೆ ತಮ್ಮ ದೇಶಕ್ಕೆ ಮರಳುವಾಗ ನನ್ನನ್ನು ಚಂಪಾಗೆ ಕೊಟ್ಟರು. ಚಂಪಾ ಆಸ್ಪತ್ರೆಯಲ್ಲಿ ಹಾಸಿಗೆ ಬಟ್ಟೆ ಹೊಲಿಯುತ್ತಿದ್ದ ಹುಡುಗಿ. ಪೋಲಿಯೋ ಬಂದು ಬಲಗಾಲು ಗಿಡ್ಡವಾಗಿತ್ತು. ನನ್ನ ಮೈ ನೆಲಕ್ಕೆ ಹತ್ತಿರ, ಸೀರೆಯುಟ್ಟು ಹತ್ತಲು ಅಡ್ಡ ಬರುವ ದಂಡಿಗೆಯಿಲ್ಲ. ಎಲ್ಲ ಅನುಕೂಲವೇ, ಆದರೆ ಬಲಗಾಲು ಪೆಡಲಿಗೆ ಮುಟ್ಟಲಿಲ್ಲ. ಗಾಳಿಯಲ್ಲೇ ಆಡಿತು. ಚಂಪಾ ಇಳಿದು ಗೋಡೆಗೆ ಮುಖ ಮಾಡಿ ನಿಂತುಬಿಟ್ಟಳು.

ಅವಳ ಅಪ್ಪ ತುಳಜಾಸಾ ನೇಕಾರ. ಒಳಗೆ ಹೋಗಿ, ಮಗ್ಗದ ಲಾಳಿಯೊಂದನ್ನು ತಂದು ಗರಗಸದಿಂದ ಎರಡು ತುಂಡು ಮಾಡಿದ. ದಾರ ಹೊತ್ತು ಆಚೆ ಈಚೆ ಓಡಿ ಓಡಿ ನುಣುಪಾಗಿದ್ದ ಮರ ಅದು.

"ಅಪ್ಪಾ, ಛಲೋ ಲಾಳಿ ಹಾಳ ಮಾಡಿದ್ರಿ!"

"ಇಷ್ಟ ದಿನಾ ಮಗ್ಗ ನಡಿಸಿತು. ಇನ್ನ ನಿನ್ನ ನಡಿಸಲಿ, ತಗೋ."

ಒಂದು ತುಂಡು ಪೆಡಲಿನ ಮೇಲೆ, ಒಂದು ಕೆಳಗೆ. ನಡುವೆ ಉದ್ದನೆಯ ಬೋಲ್ಟು ಹಾಕಿ ಬಿಗಿದ. ಪೆಡಲು ಹೇಗೆ ತಿರುಗಿದರೂ ಮರವೇ ಕಾಲಿಗೆ ಸಿಗಬೇಕು, ಅದಕ್ಕೆ. ಮರುದಿನ ಪಾತ್ರೆಗಳ ಮೇಲೆ ಹೆಸರು ಕೆತ್ತುವವನನ್ನು ಕರೆದು ನನ್ನ ಹ್ಯಾಂಡಲಿನ ಮೇಲೂ ಕೆತ್ತಿಸಿದ: ಚಂ. ತು. ಕಬಾಡಿ, ಬೆಟಗೇರಿ. ಅವತ್ತು ಚಂಪಾ ಕೆರೆಯವರೆಗೆ ಹೋಗಿ ಬಂದಳು. ನನಗೆ ಖುಷಿಯಾಗಿತ್ತು. ಆಗ ನನಗೆ ಏನಾದರೂ ಅನ್ನಿಸುತ್ತಿತ್ತು.

ಮುಂದೆ ಅವಳು ಶಾಲೆಯಲ್ಲಿ ಹೊಲಿಗೆ ಕಲಿಸುವ ಚಂಪಾ ಅಕ್ಕೋರು ಆದಳು. ಸಣ್ಣ ಟೈರು ಎಲ್ಲೂ ಸಿಗುತ್ತಿರಲಿಲ್ಲ. ಹಳೆಯ ಟೈರನ್ನು ಅಕ್ಕೋರು ತಾವೇ ದಪ್ಪ ಸೂಜಿಯಿಂದ ಹೊಲಿಯುತ್ತಿದ್ದರು. ಬಣ್ಣ ಹೋಯಿತು, ಚೈನ್ ಕವರ್ ಬಿದ್ದುಹೋಯಿತು, ಬ್ರೇಕಿನ ಬದಲು ಚಪ್ಪಲಿಯೇ ಆಯಿತು. ಲಾಳಿ ಮಾತ್ರ ಸವೆಯುತ್ತ ಸವೆಯುತ್ತ ಅವರ ಪಾದದ ಆಕಾರಕ್ಕೇ ಬಂತು. ಮದುವೆ ಯಾಕೆ ಆಗಲಿಲ್ಲವೆಂದು ಯಾರಾದರೂ ಕೆದಕಿದರೆ, "ನನ್ನ ಸೈಕಲ್ ಮ್ಯಾಲ ಹಿಂದಿನ ಸೀಟಿಲ್ಲ" ಎನ್ನುತ್ತಿದ್ದರು.

ವಯಸ್ಸಾದ ಮೇಲೆ ಅವರು ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಅವರು ಆಸ್ಪತ್ರೆಯಲ್ಲಿದ್ದಾಗ ತಮ್ಮನ ಮಕ್ಕಳು ಪಡಸಾಲೆ ಸ್ವಚ್ಛ ಮಾಡಿದರು. ಹೇಳಲಿಲ್ಲ, ಕೇಳಲಿಲ್ಲ, ನನ್ನನ್ನು ಗುಜರಿಯ ಗಾಡಿಗೆ ಹಾಕಿದರು. ಹುಬ್ಬಳ್ಳಿಯ ಗುಜರಿ ಅಂಗಡಿಯಲ್ಲಿ ಒಡೆದ ಕೂಲರುಗಳ ಕೆಳಗೆ ಬಿದ್ದುಕೊಂಡೆ. ಮೊದಮೊದಲು ಆ ಕಾಲಿಗಾಗಿ ಕಾದೆ. ಆಮೇಲೆ ಮೈಯೆಲ್ಲ ಜೋಮು ಹಿಡಿದಂತಾಯಿತು. ಮಳೆ ಬಿದ್ದರೂ ಅಷ್ಟೇ, ಬಿಸಿಲು ಬಿದ್ದರೂ ಅಷ್ಟೇ.

ಅಲ್ಲಿಂದ ನನ್ನನ್ನು ಎತ್ತಿದವರು ಮೃತ್ಯುಂಜಯ ಹೊಂಬಳ. ಪಂಪ್‌ಸೆಟ್ ಅಂಗಡಿಯವರು, ಹಳೆಯ ಸೈಕಲ್ಲೆಂದರೆ ಪ್ರಾಣ. ಕೆಟ್ಟವರಲ್ಲ. ನನ್ನ ತುಕ್ಕನ್ನು ಕೈಯಿಂದಲೇ ಒರೆಸಿ, "ಅಯ್ಯಯ್ಯೋ, ರಾಣಿನ್ನ ತಂದು ತಿಪ್ಪಿಗೆ ಒಗದಾರಲ್ಲೋ!" ಎಂದರು. ಅವರ ಬಾಯಲ್ಲಿ ಸದಾ ಒಂದೇ ಮಾತು, ಒರಿಜಿನಲ್. ಟೈರು ಚೆನ್ನೈಯಿಂದ ಬಂತು. ಚೈನ್ ಕವರ್ ಕೋಲ್ಕತ್ತದ ಒಬ್ಬ ಮುದುಕನ ಅಟ್ಟದಲ್ಲಿ ಸಿಕ್ಕಿತು. ಪೆಡಲಿನ ಜೋಡಿಗಾಗಿ ಊರೂರು ಫೋನು ಮಾಡಿದರು, ಕೊನೆಗೆ ಇಂಗ್ಲೆಂಡಿನಿಂದಲೇ ತರಿಸಿದರು. ಡಬ್ಬಿ ಬಿಚ್ಚಿದ ದಿನ ಮನೆಯಲ್ಲಿ ಶಿರಾ ಮಾಡಿಸಿದರು.

ಹಳೆಯ ಬಲ ಪೆಡಲನ್ನು ಲಾಳಿಯ ಸಮೇತ ಬಿಚ್ಚಿ, "ಯಾವನೋ ಏನೋ ಕಟ್ಟಿಗಿ ತುರುಕ್ಯಾನ" ಎಂದು ಶೆಡ್ಡಿನ ಬಾಗಿಲಿಗೆ ಒತ್ತುಗೊಟ್ಟರು. ಬಾಗಿಲು ಗಾಳಿಗೆ ಮುಚ್ಚಿಕೊಳ್ಳುತ್ತಿತ್ತು, ಅದು ತಡೆದು ನಿಲ್ಲಿಸಿತು. ಹ್ಯಾಂಡಲಿಗೆ ಹೊಸ ಹೊಳಪು ಕೊಡುವಾಗ ಕೆತ್ತಿದ ಹೆಸರು ಅಳಿಸಿಹೋಯಿತು. ಅಳಿಸುವ ಮುನ್ನ ಅವರು ಓದಿಕೊಂಡಿದ್ದರು. ಬೆಟಗೇರಿಯಲ್ಲಿ ವಿಚಾರಿಸಿ, ಅಕ್ಕೋರನ್ನು ಹುಡುಕಿ, ಬರುವ ವಾರ ಪ್ರದರ್ಶನವಿದೆ, ಹಳೆಯ ಮಾಲಕಿಯೊಂದಿಗೆ ಒಂದು ಫೋಟೋ ಬೇಕೆಂದು ಕರೆಸಿದರು.

ಅಕ್ಕೋರು ಬಂದರು. ಕೈಯಲ್ಲಿ ಕೋಲು, ಹೆಗಲಿಗೆ ತಾವೇ ಹೊಲಿದ ಚೀಲ, ಜೊತೆಗೆ ತಮ್ಮನ ಮೊಮ್ಮಗಳು ನೀತಾ.

"ಫೋಟೋ ಆಮ್ಯಾಲ ರೀ. ಮೊದಲ ಒಂದು ಸುತ್ತು ಹೊಡೀತೀನಿ" ಎಂದರು ಅಕ್ಕೋರು. "ಡಾಕ್ಟರು ಬ್ಯಾಡ ಅಂದಾರ. ಅವರಿಗೇನ ಗೊತ್ತೈತಿ?"

ನೀತಾ ಹಿಡಿದುಕೊಂಡಳು. ಅಕ್ಕೋರು ಹತ್ತಿ ಕುಳಿತರು. ಎಡಗಾಲು ನೆಲದ ಮೇಲಿತ್ತು. ಬಲಗಾಲು ಪೆಡಲನ್ನು ಹುಡುಕಿತು. ಮುಟ್ಟಲಿಲ್ಲ. ಗಾಳಿಯಲ್ಲೇ ಆಡಿತು.

"ಇದು ನನ್ನ ಸೈಕಲ್ ಅಲ್ರಿ" ಎಂದರು.

"ಅಕ್ಕೋರ, ಇದ ರೀ! ಈಗ ಪೂರಾ ಒರಿಜಿನಲ್ ಆಗೇತಿ!"

ಅಕ್ಕೋರು ಬಾಗಿಲ ಕಡೆ ನೋಡುತ್ತಿದ್ದರು. ಇಳಿದು, ಕೋಲೂರಿ ಹೋಗಿ, ಕಷ್ಟಪಟ್ಟು ಬಗ್ಗಿ ಅಲ್ಲಿದ್ದ ಹಳೆಯ ಪೆಡಲನ್ನು ಎತ್ತಿಕೊಂಡರು. ಸೆರಗಿನಿಂದ ಧೂಳು ಒರೆಸಿದರು.

"ನಮ್ಮಪ್ಪ ಮಾಡಿದ್ದು ರೀ ಇದು. ಇದನ್ನ ಹಚ್ಚಿದ್ರ ಕಾಲು ಮುಟ್ಟತೈತಿ."

ಹೊಂಬಳರ ಮುಖ ಸಣ್ಣದಾಯಿತು. ನಟ್ಟು ಬಿಚ್ಚುವ ಪಾನಾ ಗೋಡೆಯ ಮೇಲೆ, ಕೈಗೆ ಸಿಗುವಲ್ಲೇ ನೇತಾಡುತ್ತಿತ್ತು. ಹೊಸ ಪೆಡಲು ಬಿಚ್ಚಿ ಹಳೆಯದನ್ನು ಹಾಕಲು ಒಂದು ಚಹಾ ಕುಡಿಯುವಷ್ಟು ಹೊತ್ತು ಸಾಕು. ಅವರು ಪಾನಾ ನೋಡಿದರು, ಇಂಗ್ಲೆಂಡಿನ ಪೆಡಲು ನೋಡಿದರು.

"ತಪ್ಪು ತಿಳೀಬ್ಯಾಡ್ರಿ ಅಕ್ಕೋರ. ಭಾಳ ಬಿಗಿ ಮಾಡೀನಿ, ಈಗ ಬಿಚ್ಚಿದ್ರ ಗೀರು ಬೀಳ್ತಾವ. ಪ್ರದರ್ಶನ ಒಂದು ಮುಗೀಲಿ, ಆಮ್ಯಾಲ ಹಚ್ಚೋಣಂತ."

"ಆತ ಬಿಡ್ರಿ" ಎಂದರು ಅಕ್ಕೋರು. ಸಿಟ್ಟಿರಲಿಲ್ಲ. "ಹಂಗಾರ ಇದನ್ನ ನಾ ಒಯ್ತೀನಿ. ನಿಮಗ ಬಾಗಲಕ್ಕ ಬ್ಯಾರೆ ಏನರ ಸಿಗತೈತಿ." ಲಾಳಿಯನ್ನು ಚೀಲದಲ್ಲಿಟ್ಟುಕೊಂಡರು. ನೀತಾಳ ಕೈ ಹಿಡಿದು ಹೊರಟರು. ನನ್ನ ಕಡೆ ತಿರುಗಲಿಲ್ಲ. ಅವರ ಸೈಕಲ್ಲು ಚೀಲದಲ್ಲಿತ್ತಲ್ಲ, ಯಾಕೆ ತಿರುಗಬೇಕು? ಆಗ ನನಗೆ ನೋವಾಯಿತು. ಜೋಮು ಬಿಟ್ಟಾಗ ಆಗುವಂಥ ನೋವು. ಅವರ ಹಿಂದೆಯೇ ಬಾಗಿಲು ಮುಚ್ಚಿಕೊಂಡಿತು.

ಪ್ರದರ್ಶನದಲ್ಲಿ ನನಗೇ ಮೊದಲ ಬಹುಮಾನ. ಪರೀಕ್ಷಕರು ಕನ್ನಡಕ ಏರಿಸಿ ಎರಡು ಸಲ ಸುತ್ತು ಹಾಕಿದರು. "ಒಂದ ಪಾರ್ಟೂ ಕಮ್ಮಿ ಇಲ್ಲ ನೋಡ್ರಿ" ಎಂದರು. ಹೊಂಬಳರು ಕೈ ಮುಗಿದರು, ಆದರೆ ನಗಲಿಲ್ಲ. ಆಮೇಲೆ ಅವರು ಬೆಟಗೇರಿಗೆ ಫೋನು ಮಾಡಿದ್ದನ್ನು ಕೇಳಿದೆ. ಆ ಕಡೆಯಿಂದ ನೀತಾ ಮಾತಾಡಿದಳು. ಇವರು "ಹೌದಾ, ಯಾವಾಗ ತೀರಿಕೊಂಡ್ರು ಅಕ್ಕೋರು?" ಎಂದು ಕೇಳಿ, ಫೋನು ಕೆಳಗಿಟ್ಟರು. ಹೋಗಿ ಪಾನಾ ತೆಗೆದುಕೊಂಡರು, ಮತ್ತೆ ಗೋಡೆಗೆ ತೂಗುಹಾಕಿದರು.

ಈಗ ನಾನು ಶೆಡ್ಡಿನ ಮೂಲೆಯಲ್ಲಿದ್ದೇನೆ, ಮೇಲೆ ಹತ್ತಿಯ ಬಟ್ಟೆ ಹೊದಿಸಿದ್ದಾರೆ. ವಾರಕ್ಕೊಮ್ಮೆ ಎಣ್ಣೆ ಹಾಕುತ್ತಾರೆ. ಯಾರೂ ಹತ್ತುವುದಿಲ್ಲ. ಬಾಗಿಲಿಗೆ ಒಂದು ಇಟ್ಟಿಗೆ ಇಟ್ಟಿದ್ದಾರೆ.