ಎರಡು ಉಳಿದ ಮೇಲೆ ಹೂ

ತಂಗಡಗಿಯಲ್ಲಿ ಯಾರಿಗೆ ಏನೇ ಪೇಚು ಬರಲಿ, ಹಣಮಪ್ಪನ ಗುಡಿಯಲ್ಲಿ ಹೂ ಕೇಳಲು ರೇಣವ್ವನೇ ಬೇಕು. ಪೂಜಾರಿ ದೇವರ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸುತ್ತಾನೆ. ಬಲಗಡೆಯದು ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ. ಆದರೆ ಪ್ರಶ್ನೆ ಹೇಗೆ ಕೇಳಬೇಕೆಂಬುದು ರೇಣವ್ವನಿಗೇ ಗೊತ್ತು.

ಮೊಮ್ಮಗಳು ವಿಜಯಶ್ರೀಗೆ ಈ ಹೂವಿನ ವ್ಯವಹಾರದ ಮೇಲೆ ನಂಬಿಕೆ ಅಷ್ಟಕ್ಕಷ್ಟೆ. ಅವಳಿಗೆ ಸಿಇಟಿ ಬರೆದು ಕೃಷಿ ಬಿಎಸ್ಸಿ ಸೇರಬೇಕಿತ್ತು. ಸರ್ಕಾರಿ ಸೀಟು ಸಿಕ್ಕರೆ ಕಳಿಸುತ್ತೇನೆ, ಇಲ್ಲವಾದರೆ ಮುದ್ದೇಬಿಹಾಳದಲ್ಲೇ ಬಿ.ಎ. ಮಾಡು ಎಂದು ಅಪ್ಪ ರಾವಸಾಬ ಹೇಳಿಬಿಟ್ಟಿದ್ದ. ಹುಡುಗಿಗೆ ಜೀವಶಾಸ್ತ್ರವೆಂದರೆ ನೀರು ಕುಡಿದಷ್ಟು ಸಲೀಸು, ಭೌತಶಾಸ್ತ್ರವೆಂದರೆ ಕೈಕಾಲು ತಣ್ಣಗೆ. ಟ್ಯೂಷನ್ನಿನ ಮಾದರಿ ಪರೀಕ್ಷೆಯಲ್ಲಿ ಗೊತ್ತಿಲ್ಲದ್ದನ್ನೆಲ್ಲ ಖಾಲಿ ಬಿಟ್ಟು ಬಂದಳು. ಗೆಳತಿ ಕೌಸರ ಗೊತ್ತಿಲ್ಲದ್ದಕ್ಕೆಲ್ಲ ಕಣ್ಣುಮುಚ್ಚಿ ‘ಸಿ’ ತುಂಬಿ ಇವಳಿಗಿಂತ ಹೆಚ್ಚು ಅಂಕ ತಂದಳು. ಹೊಟ್ಟೆ ಉರಿಯದೆ ಇರುತ್ತದೆಯೇ?

“ಗೊತ್ತಿಲ್ಲದ್ದನ್ನ ಬರದ್ರ ಸುಳ್ಳ ಹೇಳಿದಂಗ ಅಲ್ಲೇನ ಆಯಿ?” ಎಂದು ಅಜ್ಜಿಯ ಮುಂದೆ ಅತ್ತಳು.

ರೇಣವ್ವ ಜೋಳ ಹಸನು ಮಾಡುವುದನ್ನು ನಿಲ್ಲಿಸಲಿಲ್ಲ. “ತಪ್ಪಾದ್ರ ಇದ್ದ ಮಾರ್ಕ್ಸ್ ಕಸಗೋತಾರೇನು?”

“ಇಲ್ಲ, ಸಿಇಟಿದಾಗ ಹಂಗಿಲ್ಲ.”

“ಮತ್ತ ಬಾಯಾಗ ಕಡುಬ ಇಟ್ಕೊಂಡವರಂಗ ಸುಮ್ನ ಯಾಕ ಬರ್ತಿ? ನಿಮ್ಮಪ್ಪಗ ನಾಕ ಊರಿಂದ ಕನ್ಯಾ ಬಂದಿದ್ದವು. ಇಂಡಿ, ಸಿಂದಗಿ, ಬಾಗೇವಾಡಿ, ನಾಲತವಾಡ. ನಾಕನ್ನೂ ನಾ ಒಯ್ದು ಹಣಮಪ್ಪನ ತಲಿ ಮ್ಯಾಲೆ ಹಾಕಿದ್ನೇನು? ಇಂಡಿಯವರು ಇಲ್ಲದ ಹೊಲ ಐತಿ ಅಂದ್ರು, ಬಿಟ್ಟೆ. ಸಿಂದಗಿ ಹುಡುಗಿಗೆ ಮನಸಿರಲಿಲ್ಲ, ಬಿಟ್ಟೆ. ಎರಡ ಉಳದ ಮ್ಯಾಲೆ, ಬಾಗೇವಾಡಿದು ಆಗಲೇನು ಅಂತ ಹೂ ಕೇಳಿದೆ. ಬಲಕ್ಕ ಬಿತ್ತು, ಬಾಗೇವಾಡಿಯಿಂದ ನಿಮ್ಮವ್ವ ಬಂದ್ಲು. ಕಳಿಯೋದು ನಮ್ಮ ಕೆಲಸ. ಎರಡ ಉಳದ್ರ ಅಷ್ಟ ದೇವರ ಕೆಲಸ.”

ಟ್ಯೂಷನ್ನಿನ ಮೇಷ್ಟ್ರು ವರ್ಷವಿಡೀ ಬೋರ್ಡಿನ ಮೇಲೆ ಗೀಚಿ ಹೇಳಿದ್ದೂ ಇದೇ ಮಾತು. ಆಗ ತಲೆಗೆ ಹೋಗಿರಲಿಲ್ಲ, ಈಗ ಹೋಯಿತು.

ವಿಜಯಪುರದ ಪರೀಕ್ಷಾ ಕೋಣೆಯಲ್ಲಿ ಒಂದು ಯಂತ್ರದ ದಕ್ಷತೆ ಕೇಳಿದ್ದರು. ಸೂತ್ರ ನೆನಪಾಗಲಿಲ್ಲ. ಕೊಟ್ಟ ನಾಲ್ಕು ಉತ್ತರಗಳಲ್ಲಿ ಒಂದು ಶೇಕಡಾ ನೂರಕ್ಕೂ ಮಿಕ್ಕಿತ್ತು. ಹಾಕಿದ್ದಕ್ಕಿಂತ ಹೆಚ್ಚು ಕೊಡುವ ಯಂತ್ರ ಎಲ್ಲಿದೆ? ಇದು ಇಂಡಿಯ ಹೊಲ. ಇನ್ನೊಂದು ಸರಿಯಾಗಿ ನೂರು. ಚೂರೂ ಸೋರದ ಯಂತ್ರವೂ ಇಲ್ಲ, ಸಿಂದಗಿಯೂ ಹೋಯಿತು. ಉಳಿದ ಎರಡರಲ್ಲಿ ಒಂದಕ್ಕೆ ಅಜ್ಜಿಯನ್ನು ನೆನೆದು ವೃತ್ತ ತುಂಬಿದಳು. ಅವಳಿಗೆ ನಗು ಬಂತು, ಮೇಲ್ವಿಚಾರಕರು ದುರುಗುಟ್ಟಿ ನೋಡಿದರು. ಆ ದಿನ ಅವಳು ಒಂದನ್ನೂ ಖಾಲಿ ಬಿಡಲಿಲ್ಲ.

ಧಾರವಾಡದಲ್ಲಿ ಸೀಟು ಸಿಕ್ಕಿತು. ಆಗ ನೋಡಿ, ರಾವಸಾಬನ ಎದೆ ಅಳುಕಿತು. ಮಗಳನ್ನು ಒಂದು ರಾತ್ರಿಯೂ ಬಿಟ್ಟಿದ್ದವನಲ್ಲ.

“ಯವ್ವಾ, ಧಾರವಾಡ ದೂರ ಆತು. ಒಮ್ಮಿ ಹಣಮಪ್ಪನ್ನ ಕೇಳೂಣು,” ಎಂದ.

ವಿಜಯಶ್ರೀ ಅಜ್ಜಿಯ ಮುಖ ನೋಡಿದಳು. ಓದಿದ್ದು, ಬರೆದದ್ದು ಎಲ್ಲ ಒಂದು ಒದ್ದೆ ಹೂವಿನ ಪಾಲಾಗುವುದೇ? ಅಜ್ಜಿ ಬೇಡವೆನ್ನಲೂ ಇಲ್ಲ, ಸೆರಗು ಹೊದ್ದು ಗುಡಿಗೆ ಹೊರಟೇಬಿಟ್ಟಳು. ಹಿಂದೆಯೇ ನಡೆದ ಹುಡುಗಿಗೆ ಅವಳ ಮೇಲೂ ಸಿಟ್ಟು ಬಂತು.

ಗುಡಿಯಲ್ಲಿ ಪೂಜಾರಿ ಹೂ ಒದ್ದೆ ಮಾಡಿಕೊಂಡು ಕಾಯುತ್ತಿದ್ದ. ರಾವಸಾಬ ಕಣ್ಣುಮುಚ್ಚಿ ಕೈಮುಗಿದ. ರೇಣವ್ವ ಪೂಜಾರಿಯ ಕೈಯಿಂದ ಒಂದು ಹೂ ಇಸಿದುಕೊಂಡು, ಮೊಮ್ಮಗಳನ್ನು ತಿರುಗಿಸಿ ನಿಲ್ಲಿಸಿ, ಅವಳ ಹೆರಳಿಗೆ ಸಿಕ್ಕಿಸಿದಳು.

“ಪ್ರಶ್ನಿ ಕೇಳಲಿಲ್ಲಲ್ಲ ಯವ್ವಾ?” ರಾವಸಾಬ ಕಣ್ಣು ಬಿಟ್ಟ.

“ಎರಡ ಉಳದಿದ್ರ ಕೇಳ್ತಿದ್ದೆ. ಕಳಿಸ್ತೇನಿ ಅಂತ ಮಾತ ಕೊಟ್ಟಾಂವ ನೀನು, ಸೀಟ ತಂದಾಕಿ ಇಕಿ. ಇಲ್ಲಿ ಒಂದ ಉಳದೈತಿ. ಗೊತ್ತಿದ್ದ ಉತ್ತರಕ್ಕ ದೇವರಿಗೆ ಯಾಕ ತ್ರಾಸ ಕೊಡ್ತಿ?”

ರಾವಸಾಬ ಮಗಳ ಹೆರಳಿನ ಹೂ ಸರಿಮಾಡಿದ. ಆಮೇಲೆ ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡು, “ಧಾರವಾಡದ ಬಸ್ ಎಷ್ಟಕ್ಕೈತಿ, ಕೇಳ್ಕೊಂಡ ಬರ್ತೇನಿ,” ಎಂದ.