ಕಾಗಜೀಪುರದ ನಿದ್ದೆ

ಬಾಣಂತನ ಎಂದರೆ ಅನಸೂಯಕ್ಕ ಎಂದು ನೆಂಟರ ಬಳಗದಲ್ಲಿ ಯಾವಾಗಲೋ ನಿಶ್ಚಯವಾಗಿ ಹೋಗಿತ್ತು. ಯಾರೂ ಕೂತು ಮಾತಾಡಿ ನಿಶ್ಚಯಿಸಿದ್ದಲ್ಲ. ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ನಾಸಿಕದಲ್ಲಿ ಹೋಟೆಲು ನಡೆಸುತ್ತಿದ್ದ ತಮ್ಮ ಹರಿದಾಸನ ಮನೆ ಸೇರಿದವಳು ಅನಸೂಯ. ಮಕ್ಕಳಿಲ್ಲ, ಕೈ ಚುರುಕು, ಮಾತು ಕಡಿಮೆ. ಪುಣೆಯಲ್ಲಿ ಒಬ್ಬಳು ಹೆತ್ತಳು, ಕಲ್ಯಾಣದಲ್ಲಿ ಇನ್ನೊಬ್ಬಳು ಹೆತ್ತಳು. ಅನಸೂಯ ಟ್ರಂಕು ಹಿಡಿದುಕೊಂಡು ಹೋದಳು. ಬಾಣಂತನ ಇಲ್ಲದಾಗ ಹಪ್ಪಳಕ್ಕೆ ಕರೆದರು, ಉಪನಯನಕ್ಕೆ ಕರೆದರು, ಮುದುಕರ ಕಾಯಿಲೆಗೆ ಕರೆದರು. ಹಾಗೆ ಹೋಗುತ್ತ ಹೋಗುತ್ತಲೇ ಅವಳ ತಲೆ ಅರ್ಧ ನರೆತಿತ್ತು.

ಈ ತಿರುಗಾಟದಲ್ಲಿ ಅವಳಿಗೇ ಎಂದು ಇದ್ದದ್ದು ಒಂದು ಹುಚ್ಚು, ಕಾಗದದ್ದು. ಮೊದಲ ಸಲ ಪುಣೆಗೆ ಹೋದಾಗ ಪಕ್ಕದ ಮನೆಯ ಟೀಚರಮ್ಮ ಕ್ರೇಪ್ ಕಾಗದದಲ್ಲಿ ಗುಲಾಬಿ ಮಾಡಲು ಕಲಿಸಿದ್ದರು. ಅಂದಿನಿಂದ ಯಾವ ಊರಿಗೆ ಹೋದರೂ ಓಮ, ಶುಂಠಿ ತರುವ ನೆಪದಲ್ಲಿ ಹೊರಬಿದ್ದು ಕಾಗದದ ಅಂಗಡಿ ಹುಡುಕುವುದು ಅವಳಿಗೆ ರೂಢಿಯಾಯಿತು. ಯೇವಲೆಯಲ್ಲಿ ಗಾಳಿಪಟದ ಕಾಗದ, ಕಲ್ಯಾಣದಲ್ಲಿ ಬಣ್ಣದ ಬೇಗಡೆ, ನಾಸಿಕದ ಭದ್ರಕಾಳಿ ಪೇಟೆಯಲ್ಲಿ ಹೂವಿನ ತಂತಿ. ಟ್ರಂಕಿನಲ್ಲಿ ಸೀರೆಗಳ ಅಡಿಗೆ ಅವು ಚಪ್ಪಟೆಯಾಗಿ ಮಲಗಿರುತ್ತಿದ್ದವು. ಮನೆಯವರೆಲ್ಲ ಮಧ್ಯಾಹ್ನ ಅಡ್ಡಾದಾಗ ಅವಳು ಕತ್ತರಿ ಹಿಡಿದು ಕೂತರೆ ಬೆನ್ನಿನ ನೋವೂ ಸ್ವಲ್ಪ ದೂರ ಸರಿದು ಕೂತ ಹಾಗೆ ಆಗುತ್ತಿತ್ತು.

ಆ ವರ್ಷ, ಎಪ್ಪತ್ತೊಂದರ ಬೇಸಿಗೆಯ ಮೊದಲಿಗೆ, ಅವಳು ಔರಂಗಾಬಾದಿನಲ್ಲಿದ್ದಳು. ಹರಿದಾಸನ ಭಾವಮೈದ ಸುಧಾಕರನಿಗೆ ಪೈಠಣ್ ಗೇಟಿನ ಹತ್ತಿರ ಹೋಟೆಲು. ಅವನ ಹೆಂಡತಿ ಜಲಜಾಕ್ಷಿಗೆ ಚೊಚ್ಚಲ ಹೆರಿಗೆ. ಬೆಳಕು ಹರಿಯುವ ಮೊದಲು ನೀರೊಲೆ, ಆಮೇಲೆ ಎಣ್ಣೆ, ಸ್ನಾನ, ಧೂಪ, ಬಾಣಂತಿಯ ಅಡುಗೆ, ಬಟ್ಟೆ, ರಾತ್ರಿ ಮಗುವಿನ ಅಳು. ಮೂರು ತಿಂಗಳು ಇದೇ. ಈ ಸಲ ಅನಸೂಯಳಿಗೆ ಆದ ಆಯಾಸ ಎಂದಿನದಲ್ಲ. ಕೂತರೆ ಏಳುವುದು ಬೇಡ, ಎದ್ದರೆ ಕೂರುವುದು ಬೇಡ ಅನ್ನಿಸುತ್ತಿತ್ತು. ಒಮ್ಮೆ ಮಗುವಿಗೆ ನೀರು ಹೊಯ್ಯುತ್ತ ಕೂತಲ್ಲೇ ಕಣ್ಣು ಮುಚ್ಚಿ ಬೆಚ್ಚಿದ್ದಳು. ಅದನ್ನು ಯಾರಿಗೂ ಹೇಳಲಿಲ್ಲ.

ಹೊರಡುವ ಹಿಂದಿನ ದಿನ ಬೆಳಿಗ್ಗೆಯೇ ಸುಧಾಕರ ಕೇಳಿದ, “ಅಕ್ಕ, ನಿಮಗೆ ಒಂದು ಸೀರೆ ತರುವ ಅಂತ ಉಂಟು. ಯಾವ ಬಣ್ಣ ಆಗ್ಬಹುದು?”

“ಸೀರೆ ಬೇಡ ಮಾರಾಯ. ಇಲ್ಲಿ ಹತ್ತಿರ ಕೈಯಲ್ಲಿ ಕಾಗದ ಮಾಡುವ ಊರು ಉಂಟಂತೆ ಅಲ್ವಾ, ಕಾಗಜೀಪುರ? ಈಗ ಅಲ್ಲಿಗೆ ಹೋಗಿ ಬರ್ತೇನೆ. ಮಧ್ಯಾಹ್ನದ ಊಟದೊಳಗೆ ಬರ್ತೇನೆ.”

ಸುಧಾಕರನಿಗೆ ನಗು ಬಂತು. “ಕಾಗದ ಇಲ್ಲೇ ಗುಲ್ಮಂಡಿ ಪೇಟೆಯಲ್ಲಿ ಸಿಗ್ತದಲ್ಲ?”

“ಅದನ್ನು ಆಗಲೇ ನೋಡಿ ಆಯ್ತು,” ಎಂದಳು ಅನಸೂಯ.

ಎಸ್.ಟಿ. ನಿಲ್ದಾಣದಲ್ಲಿ ಅವಳು ಹತ್ತಿದ ಬಸ್ಸಿನ ಹಲಗೆಯ ಮೇಲೆ ‘ಕನ್ನಡ’ ಎಂದು ನಾಗರಿಯಲ್ಲಿ ಬರೆದಿತ್ತು. ಆ ಹೆಸರಿನ ಪೇಟೆಯೊಂದು ಆ ದಾರಿಯ ಕೊನೆಯಲ್ಲಿದೆ ಎಂದು ಗೊತ್ತಿದ್ದರೂ ಅವಳಿಗೆ ಓದಿದಾಗೆಲ್ಲ ಒಂದಿಷ್ಟು ಸಮಾಧಾನ. ದೌಲತಾಬಾದಿನ ಕೋಟೆ ದಾಟಿದ ಮೇಲೆ ಕಂಡಕ್ಟರು ಕೂಗಿ ಇಳಿಸಿದ.

ಸಣ್ಣ ಊರು. ಮನೆಗಳ ಗೋಡೆಗೆ ಒದ್ದೆ ಕಾಗದದ ಹಾಳೆಗಳನ್ನು ಅಂಟಿಸಿ ಒಣಗಲು ಬಿಟ್ಟಿದ್ದರು. ಒಂದು ಅಂಗಳದಲ್ಲಿ ಗಂಡಸೊಬ್ಬ ಹೊಂಡದೊಳಗೆ ಸೊಂಟದವರೆಗೆ ಇಳಿದು, ಹುಲ್ಲಿನ ಚಾಪೆಯನ್ನು ಗಂಜಿಯಂಥ ನೀರಿನಲ್ಲಿ ಅದ್ದಿ ಎತ್ತುತ್ತಿದ್ದ. ಎತ್ತಿದಾಗ ಚಾಪೆಯ ಮೇಲೆ ತೆಳ್ಳಗೆ ಒಂದು ಹಾಳೆ ನಿಂತಿರುತ್ತಿತ್ತು, ಹಾಲಿನ ಕೆನೆಯ ಹಾಗೆ. ಅನಸೂಯ ನೋಡುತ್ತ ನಿಂತಳು. ಹೊಸಿಲ ಬಳಿ ಹಲಗೆ ಇಟ್ಟುಕೊಂಡು ನುಣುಪು ಕಲ್ಲಿನಿಂದ ಹಾಳೆ ಉಜ್ಜುತ್ತಿದ್ದ ಹೆಂಗಸು ಅವಳನ್ನು ಒಳಗೆ ಕರೆದಳು. ಹಲೀಮಾ ಬೀ ಅಂತೆ. ಹೊಂಡದಲ್ಲಿದ್ದವನು ಅವಳ ಮಗ.

“ಲೆಕ್ಕದ ವಹಿಗಾ? ಲಗ್ನಪತ್ರಿಕೆಗಾ?” ಹಲೀಮಾ ಹಿಂದಿಯಲ್ಲಿ ಕೇಳಿದಳು.

“ಅಲ್ಲ. ಏನಾದರೂ ಮಾಡಲಿಕ್ಕೆ. ಹೂವು, ಡಬ್ಬಿ, ಹೀಗೆ.” ಅನಸೂಯಳ ಹಿಂದಿ ಹೋಟೆಲಿನ ಹಿಂದಿ.

“ಮಾರಲಿಕ್ಕಾ?”

“ಇಲ್ಲ. ನನಗೆ.”

ಹಲೀಮಾ ಅವಳ ಮುಖ ನೋಡಿ, ಒಳಗಿನಿಂದ ಒಂದು ಅಟ್ಟಿ ತಂದಿಟ್ಟಳು. ಅನಸೂಯ ಒಂದೊಂದೇ ಹಾಳೆ ಎತ್ತಿ ಬೆಳಕಿಗೆ ಹಿಡಿದಳು. ಒಂದರಲ್ಲಿ ಗೋಣಿಯ ನಾರು, ಒಂದರಲ್ಲಿ ನೀಲಿ ನೂಲಿನ ತುಂಡು. ಬೆರಳಿಗೆ ಅದು ಕಾಗದವೆಂದೇ ಅನ್ನಿಸಲಿಲ್ಲ. ಒಗೆದು ಒಗೆದು ಮೆತ್ತಗಾದ ಬಟ್ಟೆಯ ಹಾಗಿತ್ತು. ಅವಳು ಗೋಡೆಯ ಮೇಲೆ ಒಣಗುತ್ತಿದ್ದ ಕೆಲವು ಹಾಳೆಗಳನ್ನೂ ಕೇಳಿದಳು.

“ಅವು ಇನ್ನೂ ಹಸಿ. ಬಿಸಿಲು ಏರಲಿ. ಕೂತುಕೊಳ್ಳಿ, ತಾಯಿ.”

ಬೇವಿನ ನೆರಳಲ್ಲಿ ಹಗ್ಗದ ಮಂಚವಿತ್ತು. ಅನಸೂಯ ಕೂತಳು. ಕಲ್ಲು ಹಲಗೆಯ ಮೇಲೆ ಹೋಗಿ ಬರುವ ಸದ್ದು, ಹೊಂಡದ ನೀರಿನ ಸದ್ದು. ಸ್ವಲ್ಪ ಬೆನ್ನು ಚಾಚೋಣ ಎಂದುಕೊಂಡದ್ದು ನೆನಪು.

ಎಚ್ಚರವಾದಾಗ ಬಿಸಿಲು ಅಂಗಳದ ಆಚೆ ಬದಿಗೆ ಹೋಗಿತ್ತು. ಕಾಲಿನ ಮೇಲೆ ಯಾರೋ ಹಳೆಯ ದುಪಟ್ಟಾ ಹೊದಿಸಿದ್ದರು. ಅವಳು ಗಡಬಡಿಸಿ ಎದ್ದು, “ಮಗು ಅಳ್ತಾ ಉಂಟಾ?” ಎಂದು ಕನ್ನಡದಲ್ಲೇ ಕೇಳಿಬಿಟ್ಟಳು. ಆಮೇಲೆ ಎಲ್ಲಿದ್ದೇನೆಂದು ತಿಳಿದು ನಾಚಿಕೆಯಾಯಿತು.

“ನನ್ನನ್ನು ಎಬ್ಬಿಸಬಾರದಿತ್ತೇ?”

“ಯಾರೂ ನಿಮ್ಮನ್ನು ಕರೆಯಲಿಲ್ಲ,” ಎಂದಳು ಹಲೀಮಾ. “ಮತ್ತೆ ಯಾಕೆ ಎಬ್ಬಿಸಲಿ?”

ಅವಳು ನೀರು ಕೊಟ್ಟಳು. ಅನಸೂಯ ಅದನ್ನು ಕುಡಿದು ಮತ್ತೆ ಮಂಚದ ಮೇಲೇ ಕೂತಳು. ಮೈ ಹಗುರಾಗಿರಲಿಲ್ಲ. ಬದಲಿಗೆ, ಇಷ್ಟು ದಿನ ಎಲ್ಲೋ ತಡೆದು ನಿಲ್ಲಿಸಿದ್ದ ದಣಿವೆಲ್ಲ ಈಗ ಜಾಗ ಸಿಕ್ಕಿತೆಂದು ಕಾಲು ನೀಡಿ ಕೂತಿತ್ತು. ತಾನು ಇಷ್ಟು ದಣಿದಿದ್ದೇನೆಂದು ಅವಳಿಗೇ ಗೊತ್ತಿರಲಿಲ್ಲ.

ಸಂಜೆಗೆ ಪೈಠಣ್ ಗೇಟಿಗೆ ಮರಳಿದಾಗ ಸುಧಾಕರ ಹೋಟೆಲಿನ ಬಾಗಿಲಲ್ಲೇ ನಿಂತಿದ್ದ.

“ಎಲ್ಲಿಗೆ ಹೋದದ್ದು ಅಕ್ಕ? ಹುಡುಕಿಸುವುದಕ್ಕೆ ಜನ ಕಳಿಸುವವನಿದ್ದೆ. ನಾಸಿಕದಿಂದ ಭಾವ ಟ್ರಂಕ್ ಕಾಲ್ ಮಾಡಿದ್ರು. ನಾಳೆ ನೀವು ನಾಸಿಕಕ್ಕೆ ಹೋಗುದು ಬೇಡ ಅಂತೆ, ವೈಜಾಪುರದಲ್ಲಿ ಇಳಿಯಬೇಕಂತೆ. ಮೋಹನದಾಸಣ್ಣನ ಮಗಳ ಮದುವೆ ಅಲ್ವಾ, ಹಪ್ಪಳ, ಉಪ್ಪಿನಕಾಯಿ, ಉಂಡೆ ಎಲ್ಲ ಬಾಕಿ ಉಂಟಂತೆ. ಅವರು ಸ್ಟ್ಯಾಂಡಿಗೆ ಬಂದು ನಿಲ್ತಾರೆ.”

ಮೋಹನದಾಸ ಅವಳ ಚಿಕ್ಕಮ್ಮನ ಮಗ. ವೈಜಾಪುರದ ಬಸ್ ನಿಲ್ದಾಣದ ಎದುರಿಗೇ ಅವನ ಖಾನಾವಳಿ. ಅನಸೂಯ “ಹ್ಞೂಂ” ಎಂದಳು. ಯಾರು ಏನು ಹೇಳಿದರೂ ಅವಳ ಬಾಯಿಂದ ಮೊದಲು ಬರುವುದು ಅದೇ.

ಮರುದಿನ ಬಸ್ಸಿನಲ್ಲಿ ಟ್ರಂಕು ಕಾಲ ಬಳಿ, ಕಾಗದದ ಸುರುಳಿ ತೊಡೆಯ ಮೇಲೆ. ದಾರಿಯುದ್ದಕ್ಕೂ ಅವಳು ಇಳಿಯುವವಳೇ ಆಗಿದ್ದಳು. ಬಸ್ಸು ವೈಜಾಪುರದ ನಿಲ್ದಾಣಕ್ಕೆ ಬಂದು ನಿಂತಾಗ ಮೋಹನದಾಸ ಕಿಟಕಿಯ ಹತ್ತಿರ ಓಡಿ ಬಂದ. ಬಿಳಿ ಅಂಗಿ, ಹಣೆಯಲ್ಲಿ ಬೆವರು, ಒಳ್ಳೆಯ ಮನುಷ್ಯ.

“ಅಕ್ಕ, ಇಳಿ. ಟ್ರಂಕು ಈಚೆ ಕೊಡು. ಮನೆಯವಳಿಗೆ ಸೊಂಟ ಹಿಡಿದು ಕೂತಿದೆ, ನೀನು ಬರುತ್ತಿ ಅಂತ ಅಕ್ಕಿ ನೆನೆಹಾಕಿದ್ದಾಳೆ.”

ಅನಸೂಯ ಏಳಲು ಎದುರಿನ ಸೀಟಿನ ಕಂಬಿ ಹಿಡಿದಳು. ಕೈ ಹಿಡಿಯಿತು, ಕಾಲು ಏಳಲಿಲ್ಲ.

“ಮೋಹನ, ನಾನು ಇಳಿಯುದಿಲ್ಲ.”

“ಎಂತದು?”

“ನನಗೆ ಆಗುದಿಲ್ಲ. ಮದುವೆ ದಿನ ಬರ್ತೇನೆ.”

“ಹರಿ ಒಪ್ಪಿದ್ದಾನಲ್ಲ?”

“ಹರಿ ಒಪ್ಪಿದ್ದಾನೆ. ಆದರೆ ಹಪ್ಪಳ ಲಟ್ಟಿಸುವುದು ಅವನಲ್ಲ.”

ಅವಳು ಅದನ್ನು ಖಾರವಾಗಿ ಹೇಳಲಿಲ್ಲ. ಆದರೂ ಮೋಹನದಾಸನ ಮುಖ ಸಣ್ಣದಾಯಿತು. ಕಂಡಕ್ಟರು ಗಂಟೆ ಹೊಡೆದ. ಬಸ್ಸು ಹೊರಟ ಮೇಲೆ ಅನಸೂಯ ಹಿಂದೆ ತಿರುಗಿ ನೋಡಲಿಲ್ಲ. ಗೆದ್ದ ಹಾಗೇನೂ ಅನ್ನಿಸಲಿಲ್ಲ. ನೆನೆಹಾಕಿದ ಅಕ್ಕಿಯ ಯೋಚನೆಯೇ ಯೇವಲೆಯವರೆಗೂ ತಲೆಯಲ್ಲಿತ್ತು.

ನಾಸಿಕಕ್ಕೆ ಅವಳಿಗಿಂತ ಮೊದಲೇ ಸುದ್ದಿ ಮುಟ್ಟಿತ್ತು. ನಾದಿನಿ ಮನೋರಮಾ ಚಹಾ ತಂದಿಟ್ಟವಳೇ ಒಳಗೆ ಹೋದಳು. ಹರಿದಾಸ ಹೋಟೆಲಿನ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದ.

“ಮೋಹನದಾಸ ಫೋನ್ ಮಾಡಿದ್ದ. ಅವನಿಗೆ ನಾನು ಎಂತ ಹೇಳುದು ಅಕ್ಕ?”

“ಅಕ್ಕನಿಗೆ ದಣಿವಾಗಿದೆ ಅಂತ ಹೇಳು.”

ಹರಿದಾಸ ಅವಳನ್ನೇ ನೋಡಿದ. ಅವಳ ಬಾಯಲ್ಲಿ ಆ ಮಾತು ಅವನು ಕೇಳಿದ್ದು ಅದೇ ಮೊದಲು. “ಮಲಗು ಹಾಗಾದರೆ,” ಎಂದು ಹೊರಟುಹೋದ.

ಅವಳು ಮಲಗಿದಳು. ಎಷ್ಟೋ ದಿನ ಅಡುಗೆಮನೆಗೆ ತಡವಾಗಿಯೇ ಹೋದಳು. ಮನೋರಮಾ ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಇಡುತ್ತಿದ್ದಳು. ಆಮೇಲಾಮೇಲೆ ಅದೂ ನಿಂತಿತು. ಮಧ್ಯಾಹ್ನ ಅನಸೂಯ ಕಾಗಜೀಪುರದ ಹಾಳೆ ತೆಗೆದು ಗುಲಾಬಿ ಮಾಡಲು ನೋಡಿದಳು. ಆಗಲಿಲ್ಲ. ಕ್ರೇಪಿನ ಹಾಗೆ ಅದು ಎಳೆದಲ್ಲಿ ಬರುತ್ತಿರಲಿಲ್ಲ, ಮಡಚಿದಲ್ಲಿ ಬಿರಿಯುತ್ತಿತ್ತು. ಎರಡು ಹಾಳೆ ಹಾಳಾದ ಮೇಲೆ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಮಡಚಬೇಕೆಂದು ತಾನಾಗಿ ಹೊಳೆಯಿತು. ಬಿದಿರ ಕಡ್ಡಿ ಕಟ್ಟಿ, ಮೈದಾ ಅಂಟು ಹಚ್ಚಿ, ನಿಧಾನವಾಗಿ ಒಂದು ದೀಪದ ಗೂಡು ಮಾಡಿದಳು. ಬೆಳಕು ಹಚ್ಚಿದರೆ ನಾರೆಲ್ಲ ಎದ್ದು ಕಾಣುತ್ತಿತ್ತು. ಮನೋರಮಾ ಬಾಗಿಲಲ್ಲಿ ನಿಂತು ನೋಡಿದಳು.

“ಚಂದ ಉಂಟು. ಮದುಮಗಳಿಗೆ ಕೊಡಲಿಕ್ಕಾ ಅತ್ತಿಗೆ?”

“ಅಲ್ಲ. ಇದು ಇಲ್ಲೇ ಇರ್ತದೆ,” ಎಂದಳು ಅನಸೂಯ.

ಮದುವೆಯ ದಿನ ಎಲ್ಲರೊಂದಿಗೆ ವೈಜಾಪುರಕ್ಕೆ ಹೋದಳು. ಅಡುಗೆಗೆ ಜನ ಇಟ್ಟಿದ್ದರು; ಹಪ್ಪಳ ಪೇಟೆಯದು. ಮೋಹನದಾಸ “ಬಂದೆಯಾ” ಎಂದಷ್ಟೇ ಹೇಳಿ ಬೇರೆಯವರ ಕಡೆ ತಿರುಗಿದ. ಅವನ ಹೆಂಡತಿ ಅರಿಶಿನ ಬಣ್ಣದ ಸೀರೆಯುಟ್ಟು, ಸೊಂಟಕ್ಕೆ ಕೈಕೊಟ್ಟುಕೊಂಡು ಓಡಾಡುತ್ತಿದ್ದಳು. ಅನಸೂಯಳಿಗೆ ಒಂದು ಕ್ಷಣ ಎದ್ದು ಹೋಗಿ ಅವಳ ಕೈಯ ಪಾತ್ರೆ ತೆಗೆದುಕೊಳ್ಳೋಣ ಅನ್ನಿಸಿತು. ಅಷ್ಟರಲ್ಲಿ ಊಟಕ್ಕೆ ಎಲೆ ಹಾಕಿದರು. ಅವಳು ಹೆಂಗಸರ ಸಾಲಿನಲ್ಲಿ ಕೂತಳು. ಗುರುತಿಲ್ಲದ ಯಾರೋ ಬಡಿಸುತ್ತ ಬಂದು, “ಇನ್ನು ಸ್ವಲ್ಪ ಸಾರು?” ಎಂದು ಕೇಳಿದರು. ಅನಸೂಯ ಬೇಡ ಎನ್ನಲಿಲ್ಲ.